ಚಪ್ಪಾಳೆ ತಟ್ಟಿ ನಿಲ್ಲಿಸುತ್ತಿದ್ದ ಲ್ಯಾಬ್ ಮೇಡಂ

ನಮ್ಮ ಮನೆಯಲ್ಲಿ ಯಾರೂ ಡಿಗ್ರಿ ಮುಗಿಸುವುದಿಲ್ಲ, ಅದು ಆಗುವ ಮಾತೇ ಅಲ್ಲ ಎಂದವರು ನಮ್ಮ ದೊಡ್ಡಪ್ಪ. ಸಿಟ್ಟಿನಿಂದ ಹೇಳಿದ್ದಲ್ಲ. ಹರಿಹರದ ಒಂದು ಕಲ್ಯಾಣ ಮಂಟಪದ ಹಿಂದೆ, ಮದುವೆ ಅಡುಗೆಗೆ ಬದನೆಕಾಯಿ ಹೆಚ್ಚುತ್ತಾ ಕೂತು, ಇವತ್ತು ಬಿಸಿಲು ಜಾಸ್ತಿ ಎನ್ನುವಷ್ಟು ಸಲೀಸಾಗಿ ಹೇಳಿದ್ದರು. "ನಮ್ಮ ವಂಶದಾಗ ಸೌಟು ಬಿಟ್ಟು ಬ್ಯಾರೆ ಹಿಡಿದೋನು ಯಾವನದಾನೆ? ಇವನು ಇಂಜಿನಿಯರ್ ಆಗೋದು ಆಗೋ ಮಾತಲ್ಲ ಬಿಡು." ಅಡುಗೆ ತಂಡದವರೆಲ್ಲ ನಕ್ಕರು. ನಾನೂ ನಕ್ಕೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಮಾತ್ರ ತಲೆ ಎತ್ತಲಿಲ್ಲ.

ಕಳೆದ ತಿಂಗಳು ಅದೇ ಮಂಟಪದಲ್ಲಿ ನೆಂಟರ ಮದುವೆಯಿತ್ತು. ಮದುವೆಗೆ ಹೋದರೆ ಮೊದಲು ಅಡುಗೆಮನೆಗೆ ಹೋಗಿ ಮುಖ ತೋರಿಸುವುದು ನನಗೆ ರೂಢಿ. ದೊಡ್ಡಪ್ಪ ಈಗ ಕುರ್ಚಿ ಹಾಕಿಕೊಂಡು ಕೂತು ಹೇಳುತ್ತಾರೆ, ಮಾಡುವವರು ಬೇರೆಯವರು. ಪಲಾವಿಗೆಂದು ಕಾದ ಎಣ್ಣೆಗೆ ಯಾರೋ ಒಂದು ಹಿಡಿ ಲವಂಗ ಹಾಕಿದರು. ಅದರ ಘಾಟು ಮೂಗಿಗೆ ಬಡಿದದ್ದೇ ತಡ... ನಾನು ಅಲ್ಲಿರಲಿಲ್ಲ. ದಾವಣಗೆರೆಯ ನಮ್ಮ ಕಾಲೇಜಿನ ಮಹಡಿಯ ಮೇಲೆ, ಕಂಪ್ಯೂಟರ್ ಲ್ಯಾಬಿನ ಮೂಲೆಯಲ್ಲಿ ಕೂತಿದ್ದೆ. ನನ್ನ ಹೆಗಲ ಹಿಂದೆ ಲ್ಯಾಬ್ ಮೇಡಂ ಬಾಗಿ ನಿಂತು ಪರದೆ ನೋಡುತ್ತಿದ್ದರು. ಅವರ ಬಾಯಲ್ಲಿ ಯಾವಾಗಲೂ ಒಂದು ಲವಂಗ ಇರುತ್ತಿತ್ತು.

ಗಂಟಲಿನ ತೊಂದರೆ ಎಂದಷ್ಟೇ ನಮಗೆ ಗೊತ್ತಿತ್ತು. ದನಿ ಬಹಳ ಸಣ್ಣದು, ಮುಂದಿನ ಎರಡು ಬೆಂಚಿಗೆ ಕೇಳಿದರೆ ಹೆಚ್ಚು. ಹಾಗಾಗಿ ಅವರು ಕ್ಲಾಸನ್ನು ಚಪ್ಪಾಳೆಯಲ್ಲೇ ನಡೆಸುತ್ತಿದ್ದರು. ಒಂದು ಚಪ್ಪಾಳೆ ಎಂದರೆ ಸುಮ್ಮನಿರಿ. ಮತ್ತೊಂದು ಎಂದರೆ ಮುಂದುವರಿಸಿ. ನಾನು ಹರಿಹರದಿಂದ ಓಡಾಡುತ್ತಿದ್ದೆ, ಅವರೂ ಅಷ್ಟೇ. ಒಂದೇ ಬಸ್ಸಿನಲ್ಲಿ ಸಿಕ್ಕರೆ ಮುಂದಿನ ಸೀಟಿನಿಂದ ತಲೆಯಾಡಿಸಿ ಕಿಟಕಿಯ ಕಡೆ ತಿರುಗುತ್ತಿದ್ದರು. ಮಾತನ್ನು ಕ್ಲಾಸಿಗೆಂದು ಉಳಿಸಿಕೊಳ್ಳುತ್ತಿದ್ದರು ಎಂದು ಈಗ ಅನ್ನಿಸುತ್ತದೆ.

ಅವರು ನಮಗೆ ಹೇಳಿಕೊಡುತ್ತಿದ್ದದ್ದು ಥ್ರೆಡ್‌ಗಳ ವಿಷಯ. ಒಂದೇ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಹಲವು ಕೆಲಸಗಳು ಸಾಗುತ್ತಿರುತ್ತವೆ. ಒಂದೊಂದು ಕೆಲಸದ ಎಳೆಗೂ ಥ್ರೆಡ್ ಎಂದು ಹೆಸರು. ಯಾವುದು ಎಲ್ಲಿಯವರೆಗೆ ಓಡಿ ನಿಲ್ಲುತ್ತದೆ, ಆಗ ಯಾವುದು ಮುಂದೆ ಹೋಗುತ್ತದೆ ಎನ್ನುವುದು ಕಂಪ್ಯೂಟರಿನ ಮರ್ಜಿ. ನನಗೆ ಇದು ಅಡುಗೆಮನೆಯಿಂದ ತಿಳಿದಿದ್ದ ವಿಷಯವೇ. ಸಾರಿನ ರುಚಿ ನೋಡಿ ಉಪ್ಪು ಕಮ್ಮಿ ಎಂದು ಒಬ್ಬ ಉಪ್ಪು ತರಲು ಹೋಗುತ್ತಾನೆ. ಅಷ್ಟರಲ್ಲಿ ಇನ್ನೊಬ್ಬ ರುಚಿ ನೋಡುತ್ತಾನೆ, ಅವನಿಗೂ ಕಮ್ಮಿಯೇ. ಇಬ್ಬರೂ ಹಾಕುತ್ತಾರೆ. ಇಬ್ಬರದೂ ತಪ್ಪಲ್ಲ, ಸಾರು ಮಾತ್ರ ಬಾಯಿಗೆ ಇಡಲಾಗದು. ಪ್ರೋಗ್ರಾಮಿನಲ್ಲಿ ಇಂಥ ತಪ್ಪು ದಿನಾ ಬರುವುದಿಲ್ಲ. ತಿಂಗಳುಗಟ್ಟಲೆ ಸರಿಯಾಗಿ ನಡೆದು, ಯಾವತ್ತೋ ಒಂದು ಸಲ ಬಂದು ಹೋಗುತ್ತದೆ. ಅದನ್ನು ಬೇಕೆಂದೇ ಬರಿಸುವುದು ಮೇಡಂ ಕೆಲಸ.

ಅವರು ಬೋರ್ಡಿನ ಮೇಲೆ ಹತ್ತು ಎಂದು ಬರೆದು ಇಬ್ಬರನ್ನು ಕರೆಯುತ್ತಿದ್ದರು. ಬೋರ್ಡು ನೋಡಬೇಕು, ಮನಸ್ಸಿನಲ್ಲಿ ಒಂದು ಕೂಡಿಸಬೇಕು, ಹಳೆಯದನ್ನು ಒರೆಸಿ ಹೊಸದನ್ನು ಬರೆಯಬೇಕು. ಯಾರನ್ನು ನೋಡಿ ಚಪ್ಪಾಳೆ ತಟ್ಟಿದರೋ ಅವರು ಇದ್ದಲ್ಲೇ ನಿಲ್ಲಬೇಕು. ಒಮ್ಮೆ ನನ್ನನ್ನೂ ಮಾಯಕೊಂಡದ ಒಬ್ಬ ಗೆಳೆಯನನ್ನೂ ಕರೆದರು. ನಾನು ಹತ್ತು ನೋಡಿದೆ, ನನ್ನ ಕಡೆಗೆ ಚಪ್ಪಾಳೆ ಬಿತ್ತು, ನಿಂತೆ. ಅವನು ಹತ್ತು ನೋಡಿ, ಒರೆಸಿ, ಹನ್ನೊಂದು ಬರೆದು ಕೂತ. ಮತ್ತೆ ಚಪ್ಪಾಳೆ. ನಾನು ಹೋಗಿ ಅವನ ಹನ್ನೊಂದನ್ನು ಒರೆಸಿ, ನಾನು ನೋಡಿದ್ದ ಹತ್ತಕ್ಕೆ ಒಂದು ಕೂಡಿಸಿ ಹನ್ನೊಂದು ಬರೆದೆ.

"ಇಬ್ಬರು ಕೂಡಿಸಿದ್ರಿ," ಎಂದರು ಮೇಡಂ. "ಹನ್ನೆರಡು ಎಲ್ಲಿ ಹೋಯ್ತು?"

"ಇವನೇ ನುಂಗಿದ ಮೇಡಂ," ಎಂದ ಮಾಯಕೊಂಡದವನು. ಕ್ಲಾಸು ನಕ್ಕಿತು. ಮೇಡಂ ನಗಲಿಲ್ಲ. ನಾನು ಯಾವ ಜಾಗದಲ್ಲಿ ನಿಂತಿದ್ದೆನೋ ಅಲ್ಲಿ ನೆಲದ ಮೇಲೆ ಚಾಕ್‌ಪೀಸಿನಿಂದ ಒಂದು ಗೆರೆ ಎಳೆದರು. ತಪ್ಪು ಹುಟ್ಟುವುದು ಇಲ್ಲಿ, ನೋಡಿದ್ದಕ್ಕೂ ಬರೆದದ್ದಕ್ಕೂ ನಡುವೆ ಎಂದರು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ದೊಡ್ಡಪ್ಪ ಅಡುಗೆ ಮಾಡುತ್ತಿದ್ದ ಆ ಮಂಟಪವನ್ನೇ. ಮಂಟಪದ ಬುಕ್ಕಿಂಗು ಎರಡು ಕಡೆ ನಡೆಯುತ್ತಿತ್ತು. ಹರಿಹರದಲ್ಲಿ ಮಂಟಪದ ಆಫೀಸು, ದಾವಣಗೆರೆಯಲ್ಲಿ ಮಾಲೀಕರ ಬಟ್ಟೆ ಅಂಗಡಿ. ಮುಹೂರ್ತ ಒಳ್ಳೆಯದಿದ್ದ ದಿನಕ್ಕೆ ಎರಡು ಕಡೆಯೂ ಜನ ಮುಗಿಬೀಳುತ್ತಿದ್ದರು. ಎರಡೂ ಕಡೆಗೆ ಒಂದೇ ಪ್ರೋಗ್ರಾಮು, ಇಬ್ಬರು ಒಟ್ಟಿಗೆ ಕೇಳಿದರೂ ಎಡವಟ್ಟಾಗಬಾರದು. ಅದನ್ನು ಬರೆಯುವುದು ಅರ್ಧ, ಎಡವಟ್ಟಾಗುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿ ತೋರಿಸುವುದು ಇನ್ನರ್ಧ. ಮಂಟಪದ ಮ್ಯಾನೇಜರ್ ಹತ್ತಿರ ಅವ್ವ ಹೋಗಿ ಮಾತಾಡಿದ್ದಳು. "ನನ್ನ ಮಗ ಮಾಡ್ತಾನ್ರಿ, ಕೆಡಸಲ್ಲ," ಎಂದಿದ್ದಳಂತೆ.

ಮನೆಯಲ್ಲಿ ಒಂದು ಮಾತು ಆಗಿಹೋಗಿತ್ತು. ಈ ಸಲ ಪಾಸಾಗದಿದ್ದರೆ ಮುಂದಿನ ಮದುವೆ ಕಾಲಕ್ಕೆ ನಾನು ದೊಡ್ಡಪ್ಪನ ಜೊತೆ ಒಲೆಯ ಮುಂದೆ. ಆ ಕೆಲಸ ಕೀಳೆಂದು ನಾನು ಯಾವತ್ತೂ ಅಂದುಕೊಂಡಿಲ್ಲ, ಅದೇ ಅನ್ನ ತಿಂದು ಬೆಳೆದವನು. ಆದರೆ ಡಿಗ್ರಿ ಬೇಕಿತ್ತು. ನನಗಿಂತ ಹೆಚ್ಚಾಗಿ ಅವ್ವನಿಗೆ ಬೇಕಿತ್ತು. ಅದಕ್ಕೆ ಮೇಡಂ ಸಹಿ ಬೇಕು, ಸಹಿಗೆ ಪ್ರೋಗ್ರಾಮು ಸರಿಯಿರಬೇಕು.

ಮೊದಲ ಸಲ ತೋರಿಸಿದಾಗ ಎದೆಯುಬ್ಬಿಸಿಕೊಂಡೇ ತೋರಿಸಿದೆ. ಎರಡು ಕಡೆಯಿಂದ ಒಂದೇ ದಿನವನ್ನು ಕೇಳಿಸಿದೆ. ಒಬ್ಬರಿಗೆ ಸಿಕ್ಕಿತು, ಇನ್ನೊಬ್ಬರಿಗೆ ಇಲ್ಲ ಎಂದಿತು. ಮತ್ತೆ ಮತ್ತೆ ಓಡಿಸಿದೆ, ಪ್ರತಿ ಸಲ ಸರಿ.

"ಇಬ್ಬರಿಗೂ ಸಿಕ್ಕರೆ?" ಎಂದರು ಮೇಡಂ.

"ಹಂಗಾಗಲ್ಲ ಮೇಡಂ."

 ಭಾನುವಾರ ಬೆಳಿಗ್ಗೆ ನೋಡಿದರೆ ಮೇಡಂ ಮಂಟಪಕ್ಕೇ ಬಂದುಬಿಟ್ಟರು. ನಾನು ಗಾಬರಿಯಿಂದ ಕುರ್ಚಿ ಹುಡುಕುತ್ತಿದ್ದರೆ ದೊಡ್ಡಪ್ಪ ಕೈ ಒರೆಸಿಕೊಂಡು ಎದುರು ಹೋದರು.

"ಬರ್ರಿ ಮೇಡಂನೋರೆ, ಕೂಡ್ರಿ. ಇವನ ಕಂಪ್ಯೂಟರ್ ಒಂದೇ ಮುಹೂರ್ತಕ್ಕೆ ಎರಡು ಮದುವಿ ಒಪ್ಪಿಕೊಂಡ್ರೆ, ನಾನು ಯಾವ ಬೀಗರಿಗೆ ಮೊದ್ಲು ಪಾಯಸ ಬಡಿಸ್ಲಿ, ಹೇಳ್ರಿ."

"ಅದನ್ನೇ ನೋಡಾಕೆ ಬಂದೀನಿ," ಎಂದರು ಮೇಡಂ. ಅವರ ಬಾಯಲ್ಲಿ ಹರಿಹರದ ಮಾತು ನಾನು ಕೇಳಿದ್ದು ಅದೇ ಮೊದಲು. "ಇವನು ಹಂಗಾಗಲ್ಲ ಅಂತಾನೆ."

"ಇವನಿಗೇನು ಗೊತ್ರಿ? ಹಿಂದೆ ಒಂದ್ಸಲ ಆಗೇತೆ. ಎರಡೂ ಕಡೆ ಬ್ಯಾಂಡಿನೋರು ಗೇಟಿನಾಗ ಎದುರಾ ಬದುರಾ ನಿಂತು ಊದಿದ್ರು. ಅವತ್ತು ಸಾರಿಗೆ ಎಷ್ಟು ನೀರು ಹೊಯ್ದೆ ಅಂತ ನಮ್ಮವ್ವನಿಗೂ ಹೇಳಿಲ್ಲ ನಾನು."

ಮೇಡಂ ನಕ್ಕರು. ನಗುವಾಗಲೂ ದನಿ ಬರುತ್ತಿರಲಿಲ್ಲ, ಹೆಗಲು ಮಾತ್ರ ಅಲುಗುತ್ತಿತ್ತು.

ಆಮೇಲೆ ಆಫೀಸಿನ ಬಾಗಿಲ ಹತ್ತಿರ ಕೂತರು. ಅಲ್ಲಿನ ಪದ್ಧತಿ ನನಗೆ ಚಿಕ್ಕಂದಿನಿಂದ ಕಂಡದ್ದು, ಅದಕ್ಕೇ ಅದರಲ್ಲೊಂದು ಸಂದು ಇದೆಯೆಂದು ಹೊಳೆದಿರಲಿಲ್ಲ. ಕೊಕ್ಕನೂರಿನ ಕಡೆಯವರೊಬ್ಬರು ಮಗಳ ಮದುವೆಗೆ ದಿನ ಕೇಳಿದರು. "ಖಾಲಿ ಐತ್ರಿ," ಎಂದರು ಮ್ಯಾನೇಜರ್. ಅಷ್ಟಕ್ಕೆ ಬುಕ್ಕಿಂಗು ಆದಂತಲ್ಲ. ಕೇಳಿದವರು ಹೊರಗೆ ಬೇವಿನ ಮರದ ಕೆಳಗೆ ಹೋಗಿ ಮುಹೂರ್ತಕ್ಕೆಂದು ಊರಿನ ಅಯ್ನೋರಿಗೆ ಫೋನು ಮಾಡಬೇಕು, ಅಣ್ಣ ತಮ್ಮಂದಿರನ್ನು ಕೇಳಬೇಕು, ಹಿಂದಿರುಗಿ ಬಂದು ಮೇಜಿನ ಮೇಲೆ ಎಲೆ ಅಡಿಕೆ ಇಡಬೇಕು. ಆಗಲೇ ದಿನ ಗಟ್ಟಿ. ಅವರು ಮರದ ಕೆಳಗಿರುವಾಗ ಇನ್ನೊಬ್ಬರು ಬಂದು ಅದೇ ದಿನ ಕೇಳಿದರೆ ಮ್ಯಾನೇಜರ್ ಅವರಿಗೂ ಖಾಲಿ ಐತ್ರಿ ಎನ್ನುತ್ತಿದ್ದರು. ಶುಭಕಾರ್ಯ ಕೇಳಿಕೊಂಡು ಬಂದವರಿಗೆ ಬಾಗಿಲಲ್ಲೇ ಇಲ್ಲ ಅನ್ನಬಾರದು ಎನ್ನುವುದು ಅವರ ನಂಬಿಕೆ.

ಕೊಕ್ಕನೂರಿನವರು ಮರದ ಕೆಳಗೆ ಫೋನು ಕಿವಿಗಿಟ್ಟ ಹೊತ್ತಿಗೆ ಮೇಡಂ ನನ್ನ ಕಡೆ ತಿರುಗಿ ಮೆತ್ತಗೆ ಒಂದು ಚಪ್ಪಾಳೆ ತಟ್ಟಿದರು.

ನಾನು ಇದ್ದಲ್ಲೇ ನಿಂತೆ. ನನ್ನ ಪ್ರೋಗ್ರಾಮನ್ನೂ ನಾನು ಹಾಗೇ ಬರೆದಿದ್ದೆ. ಮೊದಲು ದಿನ ಖಾಲಿಯಿದೆಯಾ ನೋಡು, ಮನೆಯವರನ್ನು ಕೇಳು, ಆಮೇಲೆ ಬರೆದುಕೋ. ಲ್ಯಾಬಿನಲ್ಲಿ ನಾನೇ ಎರಡೂ ಕಡೆಯವನಾಗಿ ಉತ್ತರ ಕೊಟ್ಟಿದ್ದರಿಂದ ಆ ನಡುವಿನ ಹೊತ್ತು ಕಣ್ಣಿಗೆ ಬಿದ್ದಿರಲಿಲ್ಲ.

ಸೋಮವಾರ ಲ್ಯಾಬಿನಲ್ಲಿ ಅವರು ನನ್ನ ಪ್ರೋಗ್ರಾಮಿಗೆ ಒಂದೇ ಒಂದು ಸಾಲು ಸೇರಿಸಿದರು. ನೋಡಿದ ಮೇಲೆ, ಬರೆಯುವ ಮೊದಲು, ಸ್ವಲ್ಪ ಹೊತ್ತು ಮಲಗು, ಅಂದರೆ ಇದ್ದಲ್ಲೇ ತಡೆದು ನಿಲ್ಲು, ಎನ್ನುವ ಸಾಲು. ಓಡಿಸಿದರೆ ದಾವಣಗೆರೆಗೂ ಅದೇ ದಿನ, ಹರಿಹರಕ್ಕೂ ಅದೇ ದಿನ. ಎರಡು ಮದುವೆ, ಒಂದು ಮಂಟಪ.  ಗೇಟಿನಲ್ಲಿ ಎರಡು ಬ್ಯಾಂಡು ಊದಿದ ಹಾಗೇ ಅನ್ನಿಸಿತು.

ಆ ತಪ್ಪನ್ನು ತಿದ್ದಿದೆ. ಒಬ್ಬರು ದಿನ ನೋಡುವಾಗಲೇ ಅದಕ್ಕೆ ಬೀಗ ಬೀಳಬೇಕು, ಅವರು ಹೌದು ಅಥವಾ ಬೇಡ ಎನ್ನುವ ತನಕ ಇನ್ನೊಬ್ಬರು ಕಾಯಬೇಕು. ಮೇಡಂ ಎಲ್ಲೆಲ್ಲೋ ಮಲಗಿಸಿ ನೋಡಿದರು, ಹತ್ತು ಹಲವು ಥ್ರೆಡ್‌ಗಳನ್ನು ಒಂದೇ ಗೆರೆಯ ಮೇಲೆ ನಿಲ್ಲಿಸಿ ಒಟ್ಟಿಗೆ ಬಿಟ್ಟು ನೋಡಿದರು. "ಸಿಗಲಿಲ್ಲ," ಎಂದು ಸಹಿ ಹಾಕಿದರು. ಅವರು ಸರಿ ಇದೆ ಎಂದು ಯಾರಿಗೂ ಹೇಳಿದವರಲ್ಲ. ತಪ್ಪು ಸಿಗಲಿಲ್ಲ ಎನ್ನುವುದೇ ಅವರ ಕೊನೆಯ ಮಾತು. ನನಗೋ ಒಂದು ಸಲ ಚೆನ್ನಾಗಿದೆ ಎನ್ನಲಿ ಎಂಬ ಆಸೆ... ನಮ್ಮ ಮನೆಯಲ್ಲಿ ನನ್ನ ಓದನ್ನು ನೋಡಿ ಚೆನ್ನಾಗಿದೆ ಎನ್ನಬಲ್ಲವರು ಯಾರೂ ಇರಲಿಲ್ಲ. ಹೇಳಿದರೆ ಅವರೊಬ್ಬರೇ ಹೇಳಬೇಕಿತ್ತು.

ಪರೀಕ್ಷೆಗೆ ಬೇರೆ ಊರಿನಿಂದ ಮೇಷ್ಟರು ಬರುವ ದಿನ ಹತ್ತಿರವಾಗಿತ್ತು. ಮನೆಯಲ್ಲಿ ಕೂತು, ಮಾಯಕೊಂಡದವನ ಲ್ಯಾಪ್‌ಟಾಪಿನಲ್ಲಿ ಸುಮ್ಮನೆ ಓಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಪ್ರೋಗ್ರಾಮು ನಿಂತುಬಿಟ್ಟಿತು. ತಪ್ಪು ಎಂದೂ ಹೇಳಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಮುಚ್ಚಿ ಮತ್ತೆ ತೆರೆದೆ, ಚೆನ್ನಾಗಿ ಓಡಿತು. ಎಲ್ಲಿ ನಿಂತಿತು ಎಂದು ತಿಳಿಯಲು ಅಲ್ಲಲ್ಲಿ ಈಗ ಇಲ್ಲಿದ್ದೇನೆ ಎಂದು ಬರೆಯುವ ಸಾಲುಗಳನ್ನು ಹಾಕಿದೆ. ಆ ಸಾಲುಗಳಿದ್ದರೆ ಅದು ನಿಲ್ಲುವುದೇ ಇಲ್ಲ. ನೋಡುತ್ತಿದ್ದಾರೆಂದು ಗೊತ್ತಾದರೆ ಮಗು ಹಟ ಬಿಡುವ ಹಾಗೆ.

ನಿಂತದ್ದನ್ನು ನೋಡಿದವನು ನಾನೊಬ್ಬನೇ. ಸಹಿ ಆಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಪರೀಕ್ಷೆಯ ದಿನ ಅದು ಬರದೇ ಇರಬಹುದಿತ್ತು. ಹೇಳಿದರೆ ಮೇಡಂ ಸಹಿ ವಾಪಸ್ಸು ತೆಗೆದುಕೊಳ್ಳಬಹುದು, ಹಾಗಾದರೆ ಈ ವರ್ಷ ಹೋಯಿತು. ಅಂಗಳದಲ್ಲಿ ಅವ್ವ ಮಂಟಪದಿಂದ ತಂದ ಕೊಳಗ ತಿಕ್ಕುತ್ತಿದ್ದಳು. ಕೆಡಸಲ್ಲ ಎಂದಿದ್ದಳಲ್ಲ... ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ಮೇಡಂ ಮನೆಗೆ ನಡೆದೆ.

ಬಾಗಿಲು ತೆಗೆದವರು ಅವರ ಅಕ್ಕ. ಅಕ್ಕ ತಂಗಿ ಇಬ್ಬರೇ ಆ ಮನೆಯಲ್ಲಿ. "ಕಾಲೇಜಿನ ಹುಡುಗನಾ? ಬಾ. ಇವತ್ತು ಆಕಿಗೆ ದನಿನೇ ಇಲ್ಲ, ಭಾಳ ಮಾತಾಡಿಸಬ್ಯಾಡ," ಎಂದರು. ಮೇಡಂ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಊಟದ ಮೇಜಿಗೆ ಕೂತಿದ್ದರು. ನಾನು ಕಂಡದ್ದೆಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಒಳಗೆ ಹೋಗಿ ಒಂದು ಹಿತ್ತಾಳೆ ಚೊಂಬು, ಒಂದು ತಟ್ಟೆ ತಂದು ಮೇಜಿನ ಮೇಲಿಟ್ಟರು.

ಮಂಟಪದಲ್ಲಿ ಎರಡು ಭಾಗ. ತಾಳಿ ಕಟ್ಟುವ ಮೇಲಿನ ಸಭಾಂಗಣ, ಕೆಳಗಿನ ಊಟದ ಮನೆ. ಬೇರೆ ಬೇರೆಯಾಗಿಯೂ ಬಾಡಿಗೆಗೆ ಕೊಡುತ್ತಿದ್ದರು, ಎರಡಕ್ಕೂ ನಾನು ಬೇರೆ ಬೇರೆ ಬೀಗ ಬರೆದಿದ್ದೆ. ಚೊಂಬು ಸಭಾಂಗಣ, ತಟ್ಟೆ ಊಟದ ಮನೆ ಎಂದು ಮೇಡಂ ಬೆರಳು ಮಾಡಿ ತೋರಿಸಿದರು. ದಾವಣಗೆರೆಯ ಕಡೆಯವರು ಮೊದಲು ಸಭಾಂಗಣ, ಆಮೇಲೆ ಊಟದ ಮನೆ ಕೇಳುತ್ತಾರೆ, ಅದು ನಾನು. ಹರಿಹರದಲ್ಲಿ ಕೇಳುವವರಲ್ಲಿ ಉಕ್ಕಡಗಾತ್ರಿಯ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ ಊಟಕ್ಕೆಂದು ಇಲ್ಲಿಗೆ ಬರುವವರೂ ಇದ್ದರು. ಅವರು ಮೊದಲು ಊಟದ ಮನೆ ಹಿಡಿದು, ಬೀಗರು ಕೂರಲಿ ಎಂದು ಆಮೇಲೆ ಸಭಾಂಗಣವನ್ನೂ ಕೇಳುತ್ತಿದ್ದರು. ಅವರ ಪಾತ್ರಕ್ಕೆ ಮೇಡಂ ಅಕ್ಕನನ್ನು ಕೈ ಹಿಡಿದು ಎಳೆತಂದರು.

"ಇದೇನು ಆಟನೇ ನಿಂದು? ಒಲಿ ಮ್ಯಾಲೆ ಸಾರೈತೆ."

ಮೇಡಂ ಚಪ್ಪಾಳೆ ತಟ್ಟಿದರು. ನಾನು ಚೊಂಬು ಹಿಡಿದೆ, ಅಕ್ಕ ತಟ್ಟೆ ಹಿಡಿದರು. ಮತ್ತೊಂದು ಚಪ್ಪಾಳೆ. ನಾನು ತಟ್ಟೆಗೆ ಕೈ ಚಾಚಿದೆ, ಅವರು ಚೊಂಬಿಗೆ.

"ಬಿಡಪ್ಪ ಅದನ್ನ," ಎಂದರು ಅಕ್ಕ.

"ನೀವು ಮೊದ್ಲು ಬಿಡ್ರಿ ಅಮ್ಮಾರೆ."

"ನಾನ್ಯಾಕ ಬಿಡ್ಲಿ? ನಮ್ಮನಿ ತಟ್ಟೆ."

ಒಳಗಿಂದ ಸಾರು ಉಕ್ಕಿದ ಸದ್ದು ಬಂತು. ನಾವಿಬ್ಬರೂ ಬಿಡಲಿಲ್ಲ. ಮೇಡಂ ಹೆಗಲು ಅಲುಗುತ್ತಿತ್ತು. ಅಷ್ಟರಲ್ಲಿ ನನಗೆ ಕಂಡಿತು. ಪ್ರೋಗ್ರಾಮಿನೊಳಗೆ ಎರಡು ಥ್ರೆಡ್‌ಗಳು ಹೀಗೇ ಒಂದೊಂದನ್ನು ಹಿಡಿದುಕೊಂಡು, ಇನ್ನೊಂದಕ್ಕೆ ಕೈ ಚಾಚಿ ನಿಂತಿದ್ದವು. ಲ್ಯಾಪ್‌ಟಾಪು ತೆರೆದು ಎರಡು ಹಿಡಿತಗಳ ನಡುವೆ ಮಲಗಿಸುವ ಸಾಲು ಹಾಕಿದೆ. ನಿಂತಿತು. ಮತ್ತೆ ಓಡಿಸಿದೆ, ಮತ್ತೆ ನಿಂತಿತು. ಓಡಿಸಿದಾಗಲೆಲ್ಲ ನಿಂತಿತು. ಒಂದು ತಪ್ಪು, ನಾವು ಹೇಳಿದ ಹಾಗೆ ಕೇಳಿ, ಬಂದು ಮುಂದೆ ನಿಂತಾಗ ಆಗುವ ಸಂತೋಷವನ್ನು ಈ ಕೆಲಸ ಮಾಡದವರಿಗೆ ಹೇಗೆ ಹೇಳಲಿ...

ತಿದ್ದುವುದು ಸುಲಭವಿತ್ತು. ಯಾರು ಏನನ್ನೇ ಮೊದಲು ಕೇಳಲಿ, ಎರಡೂ ಬೇಕಿದ್ದವರು ಚೊಂಬನ್ನೇ ಮೊದಲು ಹಿಡಿಯಬೇಕು, ತಟ್ಟೆ ಆಮೇಲೆ. ತಿದ್ದಿ, ಮಲಗಿಸಿ ನೋಡಿದೆ, ನಿಲ್ಲಲಿಲ್ಲ.

"ಸರಿ ಆಯ್ತಾ ಮೇಡಂ?"

ಅವರು ಕೈಯಲ್ಲೇ, ಸಿಗಲಿಲ್ಲ ಎಂದು ಸನ್ನೆ ಮಾಡಿದರು. ಸಹಿಯ ವಿಷಯ ಎತ್ತಲೇ ಇಲ್ಲ. ಕದ ದಾಟಿ ಬರುವಾಗ ಹಿಂದೆ ಅಕ್ಕ ಉಕ್ಕಿದ ಸಾರಿಗೆ ಬೈಯುತ್ತಿದ್ದದ್ದು ಕೇಳುತ್ತಿತ್ತು.

ಪರೀಕ್ಷೆಗೆ ಬಂದಿದ್ದ ಮೇಷ್ಟರು ಎಲ್ಲ ನೋಡಿ, "ಇದರಲ್ಲಿ ಇನ್ನು ತಪ್ಪಾಗೋಲ್ಲ ಅಂತ ಖಾತ್ರಿ ಇದೆಯಾ?" ಎಂದು ಕೇಳಿದರು. "ಇಲ್ಲ ಸರ್," ಎಂದೆ. "ಹುಡುಕಿದ ಕಡೆ ಸಿಕ್ಕಿಲ್ಲ. ಎಲ್ಲೆಲ್ಲಿ ಹುಡುಕಿದೀವಿ ಅಂತ ತೋರಿಸಬಲ್ಲೆ." ತೋರಿಸಿದೆ. ಮೇಡಂ ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಿದ್ದರು. ಮುಗಿದ ಮೇಲೆ ನನ್ನ ಕಡೆ ತಿರುಗಿ, "ಮುಂದಿನವರನ್ನ ಕಳಿಸು," ಎಂದರು. ಅಷ್ಟೇ.

ಪಾಸಾದೆ. ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅವ್ವ ಅವತ್ತು ಒಂದು ಮದುವೆಯ ಕೆಲಸ ಬಿಟ್ಟು ಮನೆಯಲ್ಲಿ ಕೂತಳು, ಅವಳು ಕೆಲಸ ಬಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ದಿನ. ದೊಡ್ಡಪ್ಪ ಮಾತ್ರ, "ಆತು, ಇಂಜಿನಿಯರ್ ಸಾಹೇಬ್ರು ಸಾರಿನ ಉಪ್ಪು ನೋಡ್ರಿ," ಎಂದು ಸೌಟು ಮುಂದೆ ಹಿಡಿದರು. ಅವರ ಕಣ್ಣು ಒದ್ದೆಯಾಗಿತ್ತು. ಈರುಳ್ಳಿ ಎಂದರು.

ದಾವಣಗೆರೆಯಲ್ಲೇ, ಮಹಡಿಯ ಮೇಲಿನ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅಲ್ಲೇ ರೂಮು ಮಾಡಿದೆ, ಹರಿಹರಕ್ಕೆ ಬರುವುದು ಹಬ್ಬಕ್ಕೋ ಮದುವೆಗೋ ಎಂದಾಯಿತು. ಬೇರೆಯವರು ಬರೆದ ಪ್ರೋಗ್ರಾಮುಗಳನ್ನು ಕೆಡಿಸಿ ನೋಡುವುದು ನನ್ನ ಕೆಲಸ. ಅಂಕಪಟ್ಟಿಯ ಮೇಲೇ ಕೆಲಸ ನಡೆದುಹೋಯಿತು, ಘಟಿಕೋತ್ಸವದ ಸರ್ಟಿಫಿಕೇಟು ಕೆಲವು ವರ್ಷ ಕಾಲೇಜಿನ ಆಫೀಸಿನಲ್ಲೇ ಉಳಿದಿತ್ತು. ಲವಂಗದ ಘಾಟು ಮೂಗಿಗೆ ಬಡಿದ ಆ ಮದುವೆಯ ಮರುವಾರ ಅದನ್ನು ತರಲು ಹೋದೆ. ತಂದು ಮೇಡಂ ಕೈಗೆ ಕೊಡಬೇಕು, ಅವರೇನೂ ಹೇಳದಿದ್ದರೂ ಸರಿ, ಒಮ್ಮೆ ಹಿಡಿದು ನೋಡಲಿ ಎಂದುಕೊಂಡು.

ಗುಮಾಸ್ತರು ರುಜು ಹಾಕಿಸಿಕೊಂಡು ಸರ್ಟಿಫಿಕೇಟು ಕೊಟ್ಟರು. ಲ್ಯಾಬ್ ಮೇಡಂ ಈ ಹೊತ್ತಿಗೆ ಸಿಗುತ್ತಾರಾ ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು. "ನಿಮಗೆ ಗೊತ್ತಿಲ್ವಾ? ತೀರಿಹೋಗಿ ವರ್ಷದ ಮೇಲಾಯ್ತು. ಗಂಟಲಿಂದೇ..." ಎಂದು ನಿಲ್ಲಿಸಿದರು. ನಾನು ಸರ್ಟಿಫಿಕೇಟನ್ನು ಮಡಚಬಾರದು ಎಂಬುದೊಂದನ್ನೇ ಯೋಚಿಸುತ್ತಾ ಮೆಟ್ಟಿಲಿಳಿದೆ. ಮಹಡಿಯ ಮೇಲೆ ಯಾವುದೋ ಕ್ಲಾಸು ಗದ್ದಲ ಮಾಡುತ್ತಿತ್ತು, ಯಾರೂ ಸುಮ್ಮನಿರಿಸುತ್ತಿರಲಿಲ್ಲ.

ಸಂಜೆ ಹರಿಹರದ ಆ ಮನೆಗೆ ಹೋದೆ. ಅಕ್ಕ ಬಹಳ ಇಳಿದುಹೋಗಿದ್ದರು. ನಾನು ಯಾರೆಂದು ಹೇಳಿದೆ, ಗುರುತು ಹತ್ತಲಿಲ್ಲ. ಇನ್ನೇನು ಹೇಳುವುದೆಂದು ತಿಳಿಯದೆ ಸರ್ಟಿಫಿಕೇಟನ್ನು ಅವರ ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು, ನನ್ನ ಹೆಸರನ್ನು ನಿಧಾನವಾಗಿ ಓದಿದರು. ಓದಿ ನನ್ನ ಮುಖ ನೋಡಿದರು.

"ಚೊಂಬು ಹಿಡ್ಕಂಡು ಬಿಡದೆ ನಿಂತಿದ್ದ ಹುಡುಗ ಅಲ್ಲೇನಪ್ಪ ನೀನು? ಅವತ್ತು ನೀನು ಹೋದ ಮ್ಯಾಲೆ ಆಕಿ ಹೊಟ್ಟಿ ತುಂಬ ಉಂಡ್ಲು. ಸಹಿ ಆದ ಮ್ಯಾಲೂ ತನ್ನ ತಪ್ಪು ತಾನೇ ಹುಡುಕ್ಕಂಡು ಬಂದಾನೆ, ಭಾಳ ಚೆಂದ ಕಲ್ತಾನೆ ಅಂದ್ಲು. ಅನ್ನಾಕೆ ದನಿ ಎಲ್ಲಿತ್ತು ಆಕಿಗೆ... ನನ್ನ ಅಂಗೈ ಮ್ಯಾಲೆ ಬೆರಳಿನಾಗ ಬರೆದ್ಲು."